ಬಂದವರ ಗಡಿಗೆ

ನೇರಲಕೊಪ್ಪ, ಮುಂಡಗೋಡ ತಾಲೂಕು
೧೨ ಜನವರಿ ೨೦೨೪

ಬೀಗತಿ ಸಿದ್ದಕ್ಕನವರಿಗೆ ಶರಣು.

ನೀವು ಫೋನ್ ಎತ್ತುವುದಿಲ್ಲ. ನನ್ನ ನಂಬರನ್ನೂ ನಿಮ್ಮ ಅಳಿಯ ವೀರೇಶನ ನಂಬರನ್ನೂ ಬಂದ್ ಮಾಡಿಟ್ಟಿದ್ದೀರಿ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಹರಿದು ಒಲೆಗೆ ಹಾಕಬೇಕೆಂದರೂ ಪತ್ರವನ್ನು ಒಮ್ಮೆ ಕೈಯಲ್ಲಿ ಹಿಡಿಯಲೇಬೇಕಲ್ಲ. ಏಳನೇ ಇಯತ್ತೆ ಕಲಿತ ಕೈ ಇದು, ಅಕ್ಷರ ಸೊಟ್ಟಗಿದ್ದರೆ ನಕ್ಕುಬಿಡಿ.

ಶೈಲಾ ಹೋಗಿ ಆರು ತಿಂಗಳಾಯಿತು. ನಮ್ಮ ಹೊಲದಲ್ಲಿ ಮಣ್ಣು ಕೊಟ್ಟ ದಿನ ನೀವು ನಮ್ಮ ಅಂಗಳದಲ್ಲಿ ನಿಂತು, "ಇನ್ನ ನಿಮ್ಮ ಮನಿ ಹೊಸ್ತಿಲಾ ತುಳಿಯೂದಿಲ್ಲ, ನಿಮ್ಮ ಮನಿ ನೀರ ಮುಟ್ಟೂದಿಲ್ಲ" ಎಂದಿರಿ. ಮಗಳನ್ನು ಕಳಕೊಂಡ ತಾಯಿಯ ಮಾತು ಅದು. ನಾನು ಎದುರು ಆಡಲಿಲ್ಲ, ಈಗಲೂ ಆಡುವುದಿಲ್ಲ.

ವಿಷಯ ಇಷ್ಟು. ಕಳೆದ ಮಳೆಗಾಲದಲ್ಲಿ ನಮ್ಮ ಊರಲ್ಲಿ ನಲವತ್ತೊಂದು ಮಂದಿಗೆ ಕಣ್ಣು ಹಳದಿಯಾಗಿ ಕಾಮಣಿ ಆಯಿತು. ನಳದ ಪೈಪು ಗಟಾರದೊಳಗಿಂದಲೇ ಬಂದಿದೆ. ಎರಡು ಕಡೆ ಜೋಡಣೆ ಬಿಟ್ಟು ಹೊಲಸು ನೀರು ಒಳಗೆ ಸೇರುತ್ತಿತ್ತು ಎಂದು ನೀರು ಬಿಡುವ ಈರೇಶನೇ ಈಗ ಹೇಳುತ್ತಾನೆ. ಪೈಪ್ ಹಾಕಿದ ಕಂಪನಿಯವರು "ನಮ್ಮ ನೀರು ಚಲೋ ಐತಿ, ನಿಮ್ಮ ಕೊಡಾ ಹೊಲಸು" ಎನ್ನುತ್ತಾರೆ. ಮುಂಡಗೋಡದ ವಕೀಲೆ ಪೂರ್ಣಿಮಾ ಮೇಡಂ ಊರಿಗೇ ಬಂದು ಕೂತು ತಿಳಿಸಿ ಹೇಳಿದರು: "ಒಬ್ಬೊಬ್ಬರು ಬ್ಯಾರೆ ಬ್ಯಾರೆ ಕೇಸ್ ಹಾಕಿದ್ರ ಸಾಯೂತನಕ ತಾರೀಖು ತಿರಗತೀರಿ. ಎಲ್ಲಾರ ಪರವಾಗಿ ಐದು ಮಂದಿ ನಿಲ್ರಿ, ಒಂದ ದಾವೆ ಹಾಕೂಣು." ಆ ಐವರಲ್ಲಿ ಮೊದಲ ಹೆಸರು ನನ್ನದು.

ಸತ್ತವಳು ಶೈಲಾ ಒಬ್ಬಳೇ. ನೀರಿನಿಂದಲೇ ಸತ್ತಳು ಎನ್ನುವುದಕ್ಕೆ ಹುಬ್ಬಳ್ಳಿ ದವಾಖಾನೆಯ ಕಾಗದಪತ್ರ ಬೇಕು. ಆ ಫೈಲು ನಿಮ್ಮಲ್ಲಿದೆ. ಕಳಿಸಿಕೊಡಿ ಎಂದು ಕೈ ಮುಗಿದು ಕೇಳುತ್ತೇನೆ.

ಕಾಶೆವ್ವ


ದಾಂಡೇಲಿ
೩ ಫೆಬ್ರುವರಿ ೨೦೨೪

ಕಾಶೆವ್ವನವರೇ,

ಪತ್ರ ಹರಿಯಲಿಲ್ಲ. ಒಲೆಗೂ ಹಾಕಲಿಲ್ಲ, ನಮ್ಮ ಮನೆಯಲ್ಲಿ ಗ್ಯಾಸ್ ಇದೆ.

ಫೈಲು ಕೊಡುವುದಿಲ್ಲ. ನನ್ನ ಮಗಳು ಏಳು ತಿಂಗಳ ಬಸುರಿ ಸತ್ತಳು. ಅವಳ ಹೆಸರಿನ ಮೇಲೆ ಪರಿಹಾರ ಎಣಿಸುವವರು ಎಣಿಸಲಿ, ಅದಕ್ಕೆ ನನ್ನ ಕೈ ಸೇರುವುದಿಲ್ಲ. ನಮ್ಮವರು ಮೂವತ್ತು ವರ್ಷ ಪೇಪರ್ ಮಿಲ್ಲಿನಲ್ಲಿ ದುಡಿದಿದ್ದಾರೆ. ನಮಗೆ ಹೆಣದ ದುಡ್ಡು ಬೇಕಾಗಿಲ್ಲ.

ಇನ್ನು ಬರೆಯಬೇಡಿ.

ಸಿದ್ದಕ್ಕ


ನೇರಲಕೊಪ್ಪ
೨೦ ಮಾರ್ಚ್ ೨೦೨೪

ಸಿದ್ದಕ್ಕನವರಿಗೆ,

ಬರೆಯಬೇಡಿ ಎಂದಿರಿ, ನಾನು ಬರೆಯುತ್ತಿದ್ದೇನೆ. ಬಾಯಿ ಇದ್ದವಳು ಸುಮ್ಮನಿರುವುದು ಕಷ್ಟ ಎಂದು ವೀರೇಶ ಬೈಯುತ್ತಾನೆ.

ದುಡ್ಡಿನ ಮಾತು ನನಗೆ ಚುಚ್ಚಿತು. ನಾಕು ದಿನ ಅನ್ನ ಸೇರಲಿಲ್ಲ. ಆಮೇಲೆ ಕೂತು ಯೋಚಿಸಿದೆ. ಅವಳ ಟ್ರಂಕು ಇನ್ನೂ ನಮ್ಮ ಮನೆಯಲ್ಲೇ ಇದೆ. ಅದನ್ನು ಇಟ್ಟುಕೊಂಡು ಕೂತಿದ್ದೇವೆ ಎಂದು ನಿಮ್ಮ ಮನಸ್ಸಿನಲ್ಲಿ ಇರಬಹುದು ಅನ್ನಿಸಿತು. ನಾಳೆ ಈ ಪತ್ರದ ಜೊತೆಗೇ ವೀರೇಶ ತಂದು ಕೊಡುತ್ತಾನೆ. ಹನ್ನೊಂದು ಸೀರೆ, ಬೆಳ್ಳಿ ಕಾಲ್ಚೈನು, ಕುಬಸದ ಹಸಿರು ಸೀರೆ, ಹಸಿರು ಬಳೆ. ಏನೂ ತೆಗೆದಿಲ್ಲ.

ದಾವೆ ಎದ್ದು ನಿಂತಿತು. ಕೋರ್ಟಿನ ನೋಟೀಸು ಪೇಪರಿನಲ್ಲಿಯೂ ಬಂತು. ಊರವರೆಲ್ಲರ ಪರವಾಗಿ ಈ ಐವರು ನಿಂತಿದ್ದಾರೆ, ಯಾರದಾದರೂ ತಕರಾರಿದ್ದರೆ ಹೇಳಿ ಎಂದು. ಐವರಲ್ಲಿ ಒಬ್ಬಳಾದ ಸತ್ತೆವ್ವ ತನ್ನ ಹೆಸರು ಪೇಪರಿನಲ್ಲಿ ಬಂದದ್ದು ಕಂಡು ಅದನ್ನು ಕತ್ತರಿಸಿ ದೇವರ ಜಗಲಿಯ ಪಕ್ಕದಲ್ಲಿ ಅಂಟಿಸಿದ್ದಾಳೆ. ನಗುವ ಹೊತ್ತಲ್ಲ, ಆದರೂ ನಕ್ಕೆವು.

ಕೋರ್ಟು ಇನ್ನೊಬ್ಬ ವಕೀಲರನ್ನು ಕಮಿಷನರ್ ಎಂದು ಕಳಿಸುತ್ತದಂತೆ. ಅವರು ಖುದ್ದಾಗಿ ಬಂದು ಹನ್ನೊಂದು ಮನೆಯ ನೀರು ತುಂಬಿ ಪರೀಕ್ಷೆಗೆ ಒಯ್ಯುತ್ತಾರೆ. ಎಲ್ಲ ನಿಂತಿರುವುದು ಅದರ ಮೇಲೆಯೇ ಎಂದು ಮೇಡಂ ಹೇಳಿದ್ದಾರೆ.

ಫೈಲು ಕೇಳುವುದಿಲ್ಲ.

ಕಾಶೆವ್ವ


ದಾಂಡೇಲಿ
೨ ಏಪ್ರಿಲ್ ೨೦೨೪

ಕಾಶೆವ್ವನವರೇ,

ಟ್ರಂಕು ಕೇಳಿದವರು ಯಾರು? ನಾನು ಕೇಳಿದೆನೇ? ಆ ಮನೆಯಲ್ಲಿ ಅವಳದೊಂದು ವಸ್ತುವಾದರೂ ಇರಲಿ, ದಿನಾ ಎದ್ದು ನೋಡಿ ನಿಮ್ಮ ಹೊಟ್ಟೆ ಉರಿಯಲಿ ಎಂದು ಬಿಟ್ಟಿದ್ದೆ. ನೀವು ಮಡಿಸಿ, ನುಸಿ ಗುಳಿಗೆ ಹಾಕಿ, ಎಣಿಸಿ ಕಳಿಸಿಬಿಟ್ಟಿರಿ. ಅವಳನ್ನು ಮನೆಯಿಂದ ಹೊರಗೆ ಹಾಕಿದ ಹಾಗಾಯಿತು.

ವೀರೇಶ ಬಾಗಿಲಲ್ಲಿ ನಿಂತಿದ್ದ. ಒಳಗೆ ಕರೆಯಲಿಲ್ಲ. ಬಾಳ ಸೊರಗಿದ್ದಾನೆ. ಹೊಟ್ಟೆಗೆ ಹಾಕುತ್ತೀರೋ ಇಲ್ಲವೋ?

ಸಿದ್ದಕ್ಕ


ನೇರಲಕೊಪ್ಪ
೪ ಜೂನ್ ೨೦೨೪

ಸಿದ್ದಕ್ಕನವರಿಗೆ,

ಎರಡು ತಿಂಗಳು ಪೆನ್ನು ಮುಟ್ಟಲಿಲ್ಲ. ಟ್ರಂಕಿನ ವಿಷಯದಲ್ಲಿ ತಪ್ಪಾಯಿತು. ಇಷ್ಟು ವಯಸ್ಸಾದರೂ ಬುದ್ಧಿ ಬರಲಿಲ್ಲ ನನಗೆ.

ಇನ್ನೊಂದು ಕೆಟ್ಟ ಸುದ್ದಿ ಇದೆ. ಕಮಿಷನರ್ ಸಾಹೇಬರು ಮೇ ಒಂಬತ್ತಕ್ಕೆ ಬಂದಿದ್ದರು. ಕಂಪನಿಯ ವಕೀಲನೂ ಜೊತೆಗಿದ್ದ. ಹನ್ನೊಂದು ಮನೆಯಿಂದ ಬಾಟಲಿ ತುಂಬಿಸಿ, ಅರಗಿನ ಮುದ್ರೆ ಒತ್ತಿ ಒಯ್ದರು. ಮೊನ್ನೆ ವರದಿ ಬಂತು. ಹನ್ನೊಂದಕ್ಕೆ ಹನ್ನೊಂದೂ ಬಾಟಲಿ ಶುದ್ಧ. ಕುಡಿಯಲು ಯೋಗ್ಯ.

ಪೂರ್ಣಿಮಾ ಮೇಡಂ ವರದಿ ಓದಿ ತಲೆ ಮೇಲೆ ಕೈ ಹೊತ್ತು ಕೂತರು. ಊರೊಳಗೆ ಇನ್ನೂ ಗಟಾರದ ವಾಸನೆಯ ನೀರೇ ಬರುತ್ತಿದೆ, ವರದಿಯಲ್ಲಿ ಮಾತ್ರ ಗಂಗೆ. ಕಂಪನಿಯವರು ದುಡ್ಡು ಕೊಟ್ಟು ಬಾಟಲಿ ಬದಲಿಸಿದರು ಎಂದು ಹುಡುಗರು ಕೂಗಾಡುತ್ತಿದ್ದಾರೆ. ಹೇಗೆ ಹೀಗಾಯಿತೋ ಶಿವನಿಗೇ ಗೊತ್ತು.

ದಾವೆ ಬಿದ್ದುಹೋಗುತ್ತದೆ ಅನ್ನಿಸುತ್ತದೆ. ಬಿದ್ದರೆ, ಶೈಲಾ ತನ್ನ ಹಣೆಬರಹದಿಂದ ಸತ್ತಳು ಎಂದು ಬರೆದುಬಿಡುತ್ತಾರೆ.

ಕಾಶೆವ್ವ


ದಾಂಡೇಲಿ
೧೧ ಜೂನ್ ೨೦೨೪

ಕಾಶೆವ್ವನವರೇ,

ಶಿವನಿಗೆ ಗೊತ್ತಿರಲಿ ಬಿಡಿ, ನನಗೂ ಗೊತ್ತಾಗುತ್ತದೆ. ಒಂದೇ ಪ್ರಶ್ನೆ ಕೇಳುತ್ತೇನೆ. ಕಮಿಷನರ್ ನಿಮ್ಮ ಮನೆಗೆ ಬಂದಾಗ ನೀವು ಮೊದಲು ಏನು ಮಾಡಿದಿರಿ?

ಮೂರು ವರ್ಷದ ಹಿಂದೆ ನಾವು ಮನೆ ನೋಡಲು ಬಂದದ್ದು ನೆನಪಿದೆಯೇ? ಬಿಸಿಲಲ್ಲಿ ಬಂದು ಕಟ್ಟೆಯ ಮೇಲೆ ಕೂತೆವು. ನೀವು ಹುಣಸೆಹಣ್ಣು ಹಚ್ಚಿ ತಿಕ್ಕಿದ ತಂಬಿಗೆಯನ್ನು ಮತ್ತೊಮ್ಮೆ ಸೆರಗಿನಿಂದ ಒರೆಸಿ, ಬೆಲ್ಲದ ಚೂರಿನ ಜೊತೆ ನೀರು ಕೊಟ್ಟಿರಿ. ನಮ್ಮವರು ಒಂದೇ ಗುಟುಕಿಗೆ ತಂಬಿಗೆ ಮುಗಿಸಿ, "ಏನ್ ಸವಿ ಅದಾವರಿ ನೀರು" ಎಂದರು. ನೀವು "ಹೊಲದ ಬಾವೀವರೀ. ಬಂದವರಿಗೆ ಅಂತ ಬ್ಯಾರೆ ಗಡಿಗಿ ಇಟ್ಟೇವಿ" ಎಂದು ಹಿಗ್ಗಿದಿರಿ. ದಾರಿಯಲ್ಲಿ ನಮ್ಮವರು ಹೊಲ ಎಷ್ಟು, ಆಳು ಎಷ್ಟು ಎಂದು ಲೆಕ್ಕ ಹಾಕುತ್ತಿದ್ದರು. ನಾನು ಆ ನೀರು ಕುಡಿದೇ ಹೆಣ್ಣು ಕೊಡುವುದೆಂದು ಮನಸ್ಸು ಮಾಡಿದ್ದೆ.

ಹೇಳಿ. ಯಾವ ಗಡಿಗೆಯ ನೀರು ಬಾಟಲಿಗೆ ಹೋಯಿತು?

ಸಿದ್ದಕ್ಕ


ನೇರಲಕೊಪ್ಪ
೧೭ ಜೂನ್ ೨೦೨೪

ಸಿದ್ದಕ್ಕನವರಿಗೆ,

ನಿಮ್ಮಂಥ ವಕೀಲರು ಕಂಪನಿಯ ಕಡೆಗೆ ಇಲ್ಲದ್ದು ನಮ್ಮ ಪುಣ್ಯ.

ಹೌದು. ನಾನೇ ಕೊಟ್ಟೆ.

ಅವತ್ತು ನಳಕ್ಕೆ ನೀರು ಬಿಡುವ ದಿನವಲ್ಲ. ಒಂದು ದಿನ ಬಿಟ್ಟು ಒಂದು ದಿನ ಬರುತ್ತದೆ. ಕೋರ್ಟಿನ ಆದೇಶದಲ್ಲಿ 'ಮನೆಯಲ್ಲಿ ಕುಡಿಯಲು ಬಳಸುವ ನೀರು' ಎಂದು ಬರೆದಿತ್ತು. ಕಮಿಷನರ್ ನಿಮ್ಮ ಯಜಮಾನರ ವಯಸ್ಸಿನವರು. ಬಿಸಿಲಿಗೆ ಮುಖ ಕೆಂಪಾಗಿ ಬಾಗಿಲಲ್ಲಿ ನಿಂತರು. ಸಿದ್ದಕ್ಕ, ನನಗೆ ಕೋರ್ಟೂ ನೆನಪಾಗಲಿಲ್ಲ, ದಾವೆಯೂ ನೆನಪಾಗಲಿಲ್ಲ. ಕೈ ತನ್ನಷ್ಟಕ್ಕೆ ತಾನೇ ತಂಬಿಗೆ ಒರೆಸಿತು. "ಬರ್ರಿ ಸಾಹೇಬ್ರ, ಕುಂದರ್ರಿ. ಮೊದಲ ನೀರ ಕುಡೀರಿ" ಎಂದೆ. ಅವರೂ ಕುಡಿದರು, ಕಂಪನಿಯ ವಕೀಲನೂ ಕುಡಿದ. ಜೊತೆಗಿದ್ದ ಕಾರಕೂನ, "ಯವ್ವಾ, ನೀವು ಮನ್ಯಾಗ ಕುಡಿಯೂದು ಇದ ನೀರೇನು?" ಎಂದು ಕೇಳಿದ. ಸುಳ್ಳು ಯಾಕೆ ಹೇಳಲಿ, ಶೈಲಾ ಹೋದ ಮೇಲೆ ನಾವು ನಳದ ನೀರು ಬಾಯಿಗೆ ಹಾಕಿಲ್ಲ. "ಹೌದ್ರಿ" ಎಂದೆ. ಅವನು ಗಡಿಗೆಯಿಂದಲೇ ಬಾಟಲಿ ತುಂಬಿದ. ಕಂಪನಿಯ ವಕೀಲ ಗೋಡೆ ನೋಡುತ್ತ ನಗುತ್ತಿದ್ದ. ಯಾಕೆ ನಗುತ್ತಾನೆ ಎಂದು ಆಗ ತಿಳಿಯಲಿಲ್ಲ.

ರಾತ್ರಿ ತಿಳಿಯಿತು. ತಿಳಿದ ಮೇಲೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಉಳಿದ ಹತ್ತು ಬಾಟಲಿಗಳಲ್ಲಿ ಸತ್ಯ ಸಿಕ್ಕೀತು, ನನ್ನದೊಂದು ಹೋದರೆ ಹೋಗಲಿ ಎಂದು ಲೆಕ್ಕ ಹಾಕಿದ್ದೆ.

ನಿಮ್ಮ ಪತ್ರ ಬಂದ ದಿನವೇ ಬಸವಣ್ಣನ ಗುಡಿಯ ಮುಂದೆ ಸಭೆ ಇತ್ತು. ನಾನು ಎದ್ದು ನಿಂತು ಹೇಳಿಬಿಟ್ಟೆ. "ಬಾಟ್ಲಿ ಯಾರೂ ಬದಲಿ ಮಾಡಿಲ್ಲ. ನಮ್ಮ ಮನ್ಯಾಗ ನಾನ ಬಾವಿ ನೀರ ಕೊಟ್ಟೇನಿ." ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಒಬ್ಬರೂ ಬೈಯಲಿಲ್ಲ. ಹೆಂಗಸರೆಲ್ಲ ನೆಲ ನೋಡುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸತ್ತೆವ್ವ ಸೆರಗು ಸರಿಮಾಡಿಕೊಂಡಳು. ಆಮೇಲೆ ಬಾಯಿಬಿಟ್ಟಳು. "ನಾನೂ ಕಾಸಿ ಸೋಸಿದ್ದು ಕೊಟ್ಟೆ ಯವ್ವಾ. ದೊಡ್ಡ ಮನಷ್ಯಾರು, ಹೊಲಸು ನೀರ ಹೆಂಗ ಕೊಡೂದು?" ಒಬ್ಬಳು ಮುಂಡಗೋಡದಿಂದ ಕ್ಯಾನ್ ತರಿಸಿದ್ದಳಂತೆ. ಇನ್ನೊಬ್ಬಳು ತವರಿನಿಂದ, ಇಲ್ಲೇ ಹತ್ತಿರದ ಇಂದೂರಿನಿಂದ, ಎರಡು ಕೊಡ ಹೊರಿಸಿಕೊಂಡು ಬಂದಿದ್ದಳಂತೆ. ಹನ್ನೊಂದೂ ಮನೆಯಲ್ಲಿ ಇದೇ ಕತೆ. ಪ್ರತಿಯೊಬ್ಬಳೂ ತಾನೊಬ್ಬಳೇ ಹಾಗೆ ಮಾಡಿದ್ದು ಎಂದು ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದಳು.

ಗಂಡಸರು ಸಿಟ್ಟಿನಿಂದ ಎದ್ದರು. ಪೂರ್ಣಿಮಾ ಮೇಡಂ ಮಾತ್ರ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ಆಮೇಲೆ ಹೇಳಿದರು: "ಕೋರ್ಟಿನ ಮುಂದೆ ನೀವು ಹನ್ನೊಂದೂ ಮಂದಿ ಪ್ರಮಾಣ ಮಾಡಿ ಇದನ್ನೇ ಹೇಳಬೇಕು. ಎರಡನೇ ಸಲ ಪರೀಕ್ಷೆ ಕೇಳುತ್ತೇನೆ. ಆದರೆ ನ್ಯಾಯಾಧೀಶರು ನಿಮ್ಮ ಮಾತು ನಂಬಬೇಕಾದರೆ ಗಟ್ಟಿ ದಾಖಲೆ ಒಂದಾದರೂ ಬೇಕು."

ಯಾವ ದಾಖಲೆ ಎಂದು ನಾನು ಬರೆಯುವುದಿಲ್ಲ. ಕೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಕಾಶೆವ್ವ


ದಾಂಡೇಲಿ
೨೬ ಆಗಸ್ಟ್ ೨೦೨೪

ಕಾಶೆವ್ವನವರೇ,

ನಿಮ್ಮ ಪತ್ರ ಬಂದು ಎರಡು ತಿಂಗಳ ಮೇಲಾಯಿತು. ಐದು ಸಲ ಉತ್ತರ ಬರೆದು ಹರಿದೆ. ನಕ್ಕೆ ಎಂದೂ ಬರೆದಿದ್ದೆ. ಕ್ಯಾನ್ ತರಿಸಿದವಳ ಸುದ್ದಿ ಓದಿ, ಮಗಳು ಹೋದ ಮೇಲೆ ಮೊದಲ ಸಲ ನಕ್ಕೆ. ನಮ್ಮವರು ಒಳಗಿನಿಂದ ಓಡಿ ಬಂದರು, ಏನಾಯಿತೋ ಎಂದು.

ನೀವು ಊರ ಮುಂದೆ ಎದ್ದು ನಿಂತು ಹೇಳಿದಿರಿ. ನಾನು ಯಾರ ಮುಂದೂ ಹೇಳಿಲ್ಲ. ನಿಮಗೆ ಹೇಳುತ್ತೇನೆ.

ದುಡ್ಡಿನ ಸಲುವಾಗಿ ಫೈಲು ಕೊಡಲಿಲ್ಲ ಎಂದು ನೀವು ತಿಳಿದಿರಿ. ತಿಳಿಯಲಿ ಎಂದೇ ಹಾಗೆ ಬರೆದೆ. ಫೈಲಿನ ಮೊದಲ ಹಾಳೆಯಲ್ಲಿ ಡಾಕ್ಟರು ಬರೆದಿದ್ದಾರೆ: ಐದು ದಿನ ನಾಟಿ ಔಷಧಿ ಕೊಡಿಸಿದ್ದಾರೆ, ತಡವಾಗಿ ಕರೆತಂದಿದ್ದಾರೆ.

ಶೈಲಾ ಹೆರಿಗೆಗೆಂದು ನಮ್ಮಲ್ಲಿಗೆ ಬಂದ ಮರುದಿನವೇ ಕಣ್ಣು ಹಳದಿ ಕಂಡವು. ನಮ್ಮವರು "ದವಾಖಾನಿಗೆ ಹೋಗೂಣು" ಎಂದರು. ನಾನು ಬಿಡಲಿಲ್ಲ. "ಬಸುರಿ ಹುಡುಗಿಗಿ ಸೂಜಿ ಚುಚ್ಚಸೂದು ಬ್ಯಾಡ. ಕಾಮಣಿಗಿ ದವಾಖಾನ್ಯಾಗ ಔಷಧಾನ ಇಲ್ಲ" ಎಂದು ವಾದ ಮಾಡಿದೆ. ಜೋಯಿಡಾ ಕಡೆಯ ಹಳ್ಳಿಯಲ್ಲಿ ಬೇರು ಅರೆದು ಕೊಡುವ ಅಜ್ಜ ಇದ್ದಾನೆ. ನನಗೂ ಸಣ್ಣಾಕಿದ್ದಾಗ ಅಲ್ಲೇ ಗುಣವಾಗಿತ್ತು. ಐದು ದಿನ, ಆ ತಿರುವಿನ ದಾರಿಯಲ್ಲಿ, ಬಸ್ಸಿನಲ್ಲಿ, ಏಳು ತಿಂಗಳ ಹೊಟ್ಟೆ ಹೊತ್ತವಳನ್ನು ಕರಕೊಂಡು ತಿರುಗಿದೆ. ಮಜ್ಜಿಗೆಯಲ್ಲಿ ಕಲಸಿ ಕುಡಿಸಿದೆ. ಆರನೇ ದಿನ ಅವಳು ನನ್ನನ್ನೇ ಗುರುತು ಹಿಡಿಯಲಿಲ್ಲ.

ನಿಮ್ಮ ಅಂಗಳದಲ್ಲಿ ನಿಂತು ನಿಮ್ಮನ್ನು ಬೈದೆನಲ್ಲ, ಆಗ ನನ್ನ ಗಂಡ ನನ್ನ ಮುಖ ನೋಡುತ್ತಿದ್ದ. ಇವತ್ತಿಗೂ ಒಂದು ಮಾತು ಆಡಿಲ್ಲ ಅವನು. ಆಡಿದ್ದರೆ ಚಲೋ ಇತ್ತು.

ಫೈಲು ಇದರ ಜೊತೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಮೊದಲ ಹಾಳೆಯನ್ನು ಹರಿಯಬೇಕೆಂದಿದ್ದೆ. ಹರಿಯಲಿಲ್ಲ.

ಸಿದ್ದಕ್ಕ


ನೇರಲಕೊಪ್ಪ
೫ ಸೆಪ್ಟೆಂಬರ್ ೨೦೨೪

ಸಿದ್ದಕ್ಕಾ,

ಫೈಲು ಬಂತು. ಪತ್ರ ಓದಿ ಅತ್ತೆ. ನಿಮ್ಮ ಸಲುವಾಗಿಯೂ ಅತ್ತೆ, ನನ್ನ ಸಲುವಾಗಿಯೂ ಅತ್ತೆ.

ಮೇಡಂಗೆ ಇನ್ನೂ ಕೊಟ್ಟಿಲ್ಲ. ಕೊಟ್ಟರೆ ಕಂಪನಿಯ ವಕೀಲ ನಿಮ್ಮನ್ನು ಕಟಕಟೆಗೆ ಕರೆಸಿ, 'ನೀರಲ್ಲ, ತಾಯಿಯೇ ಕೊಂದಳು' ಎನ್ನುತ್ತಾನೆ. ಅದನ್ನು ಎಲ್ಲರೆದುರು ನೀವು ಕೇಳಬೇಕಾಗುತ್ತದೆ. ನೀವು ಹೂಂ ಅನ್ನುವವರೆಗೆ ಫೈಲು ನನ್ನ ಪೆಟ್ಟಿಗೆಯಲ್ಲೇ ಇರುತ್ತದೆ. ದಾವೆ ಬಿದ್ದರೆ ಬೀಳಲಿ.

ಆದರೆ ಹೂಂ ಅನ್ನುವ ಮೊದಲು ನನ್ನದೂ ಒಂದು ಮಾತು ಕೇಳಬೇಕು. ಊರ ಮುಂದೆ ನಾನು ಹೇಳಿದ್ದು ಅರ್ಧ ಮಾತ್ರ.

ಅಂಗಳಕ್ಕೆ ನಳ ಬಂದಾಗ ಎಲ್ಲರಿಗಿಂತ ಹಿಗ್ಗಿದವಳು ನಾನು. ಶೈಲಾಗೆ ತಿಂಗಳು ಏರುತ್ತಿದ್ದಂತೆ ಬಾವಿಗೆ ಹೋಗುವುದು ಬಿಡಿಸಿದೆ. "ಬಸುರಿ ಹೆಂಗಸು ಕೊಡಾ ಹೊರಬಾರದು, ನಳದ್ದ ಕುಡಿ" ಎಂದೆ. ಬಂದವರ ಗಡಿಗೆಗೆ ಮಾತ್ರ ವೀರೇಶ ಹೊಲದಿಂದ ಬರುವಾಗ ಒಂದು ಕೊಡ ಬಾವಿ ನೀರು ತರುತ್ತಿದ್ದ. ಅವಳಿಗೆ ಜ್ವರ ಬಂತು, ನೀರು ಬಾಳ ಕುಡಿಯಬೇಕೆಂದು ನರ್ಸಬಾಯಿ ಹೇಳಿದಳು. ನಾನು ತಾಸಿಗೊಮ್ಮೆ ತಂಬಿಗೆ ತುಂಬಿ ಕೊಟ್ಟೆ, ನಳದ್ದು. ಒಂದು ದಿನ ಅವಳೇ ಕೇಳಿದಳು.

"ಅತ್ತೀ, ನಳದ ನೀರ ವಾಸನಿ ಬರ್ತಾವು. ಆ ಗಡಿಗೀವು ಒಂದೀಟು ಕುಡೀಲೇನ್ರೀ?"

ನಾನು ಏನೆಂದೆ ಗೊತ್ತೇ? "ಅವು ಬಂದವರಿಗೆ ಇರಲಿ ತಂಗಿ" ಎಂದೆ.

ಅವಳು ಮತ್ತೆ ಕೇಳಲಿಲ್ಲ. ಆ ವಾರ ನಮ್ಮ ಮನೆಗೆ ಯಾರೂ ಬರಲಿಲ್ಲ ಸಿದ್ದಕ್ಕಾ. ಮೂರು ದಿನದ ಮೇಲೆ ಹಳೇ ನೀರೆಂದು ನಾನೇ ಆ ಗಡಿಗೆಯನ್ನು ತುಳಸಿಗೆ ಸುರಿದೆ.

ಇದನ್ನು ವೀರೇಶನಿಗೂ ಹೇಳಿಲ್ಲ. ಈಗ ನೀವು ನನ್ನನ್ನು ಬೈಯಬಹುದು. ಅವತ್ತು ಅಂಗಳದಲ್ಲಿ ಬೈದದ್ದಕ್ಕಿಂತ ಗಟ್ಟಿಯಾಗಿಯೇ ಬೈಯಿರಿ.

ಕಾಶೆವ್ವ


ದಾಂಡೇಲಿ
೨೩ ಸೆಪ್ಟೆಂಬರ್ ೨೦೨೪

ಕಾಶೆವ್ವ,

ಹೂಂ. ಫೈಲು ಕೊಟ್ಟುಬಿಡಿ.

ಉಳಿದದ್ದಕ್ಕೆ ಈಗ ಉತ್ತರ ಬರೆಯಲಾರೆ.

ಸಿದ್ದಕ್ಕ


ನೇರಲಕೊಪ್ಪ
೧೧ ನವೆಂಬರ್ ೨೦೨೪

ಸಿದ್ದಕ್ಕಾ,

ನಿಮ್ಮ ಉತ್ತರದ ದಾರಿ ನೋಡಿ ಸಾಕಾಗಿ ನಾನೇ ಬರೆಯುತ್ತಿದ್ದೇನೆ. ಬೈಗುಳವೂ ಬರಲಿಲ್ಲ. ಬೈಯದೇ ಇರುವುದು ಎಷ್ಟು ಭಾರ ಎಂದು ನಿಮ್ಮ ಯಜಮಾನರ ವಿಷಯ ಓದಿದಾಗ ಅರ್ಥವಾಗಿರಲಿಲ್ಲ.

ಹನ್ನೊಂದು ಮಂದಿಯೂ ಕೋರ್ಟಿಗೆ ಹೋಗಿ ಪ್ರಮಾಣ ಮಾಡಿ ಹೇಳಿದೆವು. ಕಂಪನಿಯ ವಕೀಲ ನನ್ನನ್ನು ಕೇಳಿದ, "ವಿಷ ಅಂತ ಕೇಸ್ ಹಾಕಿದವರು ಅಮೃತ ಯಾಕ ಕೊಟ್ರಿ?" ನಾನು ಹೇಳಿದೆ, "ಯಾರು ಬಂದಿದ್ರೂ ಅದನ್ನ ಕೊಡತಿದ್ದೆ ಸಾಹೇಬ್ರ. ಅವತ್ತ ನೀವೂ ಕುಡದ್ರಿ, ಮರತ್ರೇನು?"

ಎರಡನೇ ಪರೀಕ್ಷೆಗೆ ಅಪ್ಪಣೆ ಸಿಕ್ಕಿತು. ಇದೇ ತಿಂಗಳು ಇಪ್ಪತ್ತೈದು, ಸೋಮವಾರ. ಕಮಿಷನರ್ ಎದುರೇ ಈರೇಶ ನೀರು ಬಿಡಬೇಕು, ನಳದ ಬಾಯಿಗೇ ಬಾಟಲಿ ಹಿಡಿಯಬೇಕು. ಶೈಲಾಳ ಫೈಲು ಓದಿದ ಮೇಲೆಯೇ ನ್ಯಾಯಾಧೀಶರು ಒಪ್ಪಿದರು ಎಂದು ಮೇಡಂ ಹೇಳಿದರು. ತಡವಾದದ್ದು ಬೇರೆ, ರೋಗ ಬಂದದ್ದು ಎಲ್ಲಿಂದ ಎನ್ನುವುದು ಬೇರೆ, ಅದನ್ನು ನಾನು ವಾದಿಸುತ್ತೇನೆ ಎಂದರು. ಗೆಲ್ಲುತ್ತೇವೆ ಎಂದು ಮಾತ್ರ ಹೇಳಲಿಲ್ಲ.

ನನಗೆ ಒಂದೇ ಹೆದರಿಕೆ. ಬಾಗಿಲಿಗೆ ಬಂದವರಿಗೆ ಹೊಲಸು ನೀರು ಹಿಡಿದು ಕೊಡುವುದು ಈ ಕೈಯಿಂದ ಆದೀತೇ?

ಕಾಶೆವ್ವ


ದಾಂಡೇಲಿ
೧೮ ನವೆಂಬರ್ ೨೦೨೪

ಕಾಶೆಕ್ಕಾ,

ಆಗುತ್ತದೆ. ನಾನು ಪಕ್ಕದಲ್ಲಿ ನಿಂತು ನೋಡುತ್ತೇನೆ. ನಿಮ್ಮ ಕೈ ಗಡಿಗೆಯ ಕಡೆಗೆ ಹೋದರೆ ಹಿಡಿದು ನಿಲ್ಲಿಸುತ್ತೇನೆ.

ಸೋಮವಾರ ಮೊದಲ ಬಸ್ಸಿಗೆ ಹಳಿಯಾಳಕ್ಕೆ ಬಂದು, ಅಲ್ಲಿಂದ ಬಸ್ ಬದಲಿಸಿ ನಾನೂ ನಮ್ಮವರೂ ಬರುತ್ತೇವೆ. ಗಡಿಗೆಯ ವಿಷಯ ಬರೆದ ನಿಮ್ಮ ಪತ್ರವನ್ನು ಗಂಡನ ಕೈಗೆ ಕೊಟ್ಟು ಓದಿಸಿದೆ. ನನ್ನ ಪತ್ರದಲ್ಲಿ ಏನು ಬರೆದಿದ್ದೆನೆಂದೂ ಹೇಳಿದೆ. ಪತ್ರ ಮಡಚಿ ನನ್ನ ಕೈಗೆ ಕೊಟ್ಟ. ಆಮೇಲೆ, "ಇಬ್ಬರೂ ಕೂಡಿ ಜ್ವಾಪಾನ ಮಾಡಾಕ ಹೋದ್ರಿ" ಎಂದ. ಹದಿನಾರು ತಿಂಗಳಲ್ಲಿ ಅವಳ ಬಗ್ಗೆ ಅವನು ಆಡಿದ ಮೊದಲ ಮಾತು ಅದು.

ನಾನು ನಿಮ್ಮನ್ನು ಬೈಯುವುದಿಲ್ಲ. ಬಾಯಿ ತುಂಬ ಬಂದಿತ್ತು, ಎರಡು ತಿಂಗಳು ಹಿಡಿದಿಟ್ಟುಕೊಂಡೆ. ಕಾಮಣಿ ನಳದಿಂದ ಬಂತು. ನಳವನ್ನು ಗಟಾರದಲ್ಲಿ ಹಾಕಿದವರು ನಾವಲ್ಲ. ಕಟಕಟೆಯಲ್ಲಿ ಯಾರು ಏನು ಕೇಳಿದರೂ ನಾನು ಇಷ್ಟನ್ನೇ ಹೇಳುವವಳು. ಐದು ದಿನದ ಮಾತನ್ನೂ ಮುಚ್ಚಿಡದೇ ಹೇಳುತ್ತೇನೆ.

ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನು ಅಂತಾರಲ್ಲ. ಇನ್ನು ಮುಟ್ಟುವುದಿಲ್ಲ ಎಂದಿದ್ದೆ, ಮುಟ್ಟುತ್ತೇನೆ. ಸೋಮವಾರ ನಸುಕಿನಲ್ಲೇ ವೀರೇಶನಿಗೆ ಹೇಳಿ ಬಾವಿಯಿಂದ ಗಡಿಗೆ ತುಂಬಿಸಿಡಿ. ನಾನು ಬಂದ ಮೇಲೆ ಇಬ್ಬರೂ ಹೊಲಕ್ಕೆ ಹೋಗೋಣ. ಮೊದಲ ತಂಬಿಗೆ ಅವಳ ಮಣ್ಣಿಗೆ ಹಾಕೋಣ, ಕೇಳಿದ್ದಳಲ್ಲ. ಎರಡನೆಯದು ನನಗೆ ಕೊಡಿ. ಸಾಹೇಬರಿಗೆ ನಳದ್ದು.

ಬೆಲ್ಲ ನಾನು ತರುತ್ತೇನೆ.

ಸಿದ್ದಕ್ಕ